ಕೊಂಗೋ, ಹಿಯೇ, ಹರುನಾ, ಕಿರಿಶಿಮಾ: ಇವು ಬ್ಯಾಟಲ್‌ಶಿಪ್ಪೋ, ಬ್ಯಾಟಲ್‌ಕ್ರೂಸರ್ರೋ?

ಹಳೆಹಡಗು · ಶನಿವಾರ, ರಾತ್ರಿ 9:12

ಜಪಾನಿನ ಹಳೆ ನೌಕಾಪಡೆ ಅಂದ ಕೂಡಲೇ ಎಲ್ಲರೂ ಯಮಾಟೊ ಹಿಂದೆ ಓಡುತ್ತಾರೆ. ಅಷ್ಟು ದೊಡ್ಡ ಬ್ಯಾಟಲ್‌ಶಿಪ್ ಎರಡನೇ ಮಹಾಯುದ್ಧದ ಬಹುಪಾಲು ಬಂದರಿನಲ್ಲೇ ಕೂತಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ನಿಜವಾಗಿ ಬೆವರು ಸುರಿಸಿದ್ದು ಅದಕ್ಕಿಂತ ಒಂದು ತಲೆಮಾರು ಹಳೆಯ ನಾಲ್ಕು ಹಡಗು: ಕೊಂಗೋ, ಹಿಯೇ, ಹರುನಾ, ಕಿರಿಶಿಮಾ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 1908ರಲ್ಲಿ ಬ್ರಿಟನ್ನಿನ ಇನ್‌ವಿನ್ಸಿಬಲ್ ವರ್ಗದ ಹಡಗುಗಳು ಕೆಲಸಕ್ಕೆ ಬರತೊಡಗಿದವು. ಬ್ಯಾಟಲ್‌ಶಿಪ್ಪಿನಷ್ಟೇ ದೊಡ್ಡ ತೋಪು, ಕ್ರೂಸರ್‌ನಂಥ ಓಟ, ಆದರೆ ಮೈಮೇಲೆ ಉಕ್ಕು ಕಡಿಮೆ: ಅದೇ ಬ್ಯಾಟಲ್‌ಕ್ರೂಸರ್. ಜಪಾನ್ ಆಗತಾನೇ ಕಟ್ಟಿಕೊಂಡಿದ್ದ ಕ್ರೂಸರ್‌ಗಳೆಲ್ಲ ಒಂದೇ ಏಟಿಗೆ ಹಳತಾದವು. ಹಾಗಾಗಿ ಮೊದಲ ಹಡಗನ್ನು ಬ್ರಿಟನ್ನಿನ ವಿಕರ್ಸ್ ಕಂಪನಿಯಿಂದಲೇ ಮಾಡಿಸಿ, ವಿದ್ಯೆ ಕಲಿತು, ಉಳಿದ ಮೂರನ್ನು ಊರಲ್ಲೇ ಕಟ್ಟುವುದು ಅಂತ ತೀರ್ಮಾನವಾಯಿತು. ನಕ್ಷೆ ಹಾಕಿದವರು ಜಾರ್ಜ್ ಥರ್ಸ್ಟನ್. 1911ರ ಜನವರಿ 17ರಂದು ಬ್ಯಾರೋ-ಇನ್-ಫರ್ನೆಸ್‌ನಲ್ಲಿ ಕೆಲಸ ಶುರುವಾಯಿತು, 1913ರ ಆಗಸ್ಟ್ 16ಕ್ಕೆ ಕೊಂಗೋ ಜಪಾನಿನ ಕೈಗೆ ಬಂತು. ಎಂಟು ತೋಪು, ಎಲ್ಲವೂ 14 ಇಂಚಿನವು. ಆ ಅಳತೆಯ ತೋಪು ಹೊತ್ತು ಕೆಲಸಕ್ಕೆ ಬಂದ ಮೊದಲ ಹಡಗು ಜಗತ್ತಿನಲ್ಲಿ ಇದೇ. ವೇಗ 27.5 ನಾಟ್, ಅಂದರೆ ಗಂಟೆಗೆ ಸುಮಾರು 51 ಕಿ.ಮೀ. ಪಕ್ಕದ ಕವಚ ಮಾತ್ರ ಬರೀ 8 ಇಂಚು.

ನನ್ನ ವಾದ ಇಷ್ಟೇ. 1931ರ ಹೊತ್ತಿಗೆ ಜಪಾನ್ ಕಾಗದದ ಮೇಲೆ ಇವನ್ನು ಬ್ಯಾಟಲ್‌ಶಿಪ್ ಅಂತ ಕರೆಯಿತು. ಹೆಸರು ಬದಲಾಯಿತು, ಆ 8 ಇಂಚು ಬದಲಾಗಲಿಲ್ಲ. ಕೊನೆಗೆ ಹಿಯೇಯನ್ನು ಕೊಂದದ್ದು ಅದೇ. ಒಪ್ಪುತ್ತೀರಾ?


ಬೆಂಚು_ಕೊನೇದು · ಶನಿವಾರ, ರಾತ್ರಿ 9:20

ಆಫ್ರಿಕಾದ ಕಾಂಗೋ ನೌಕಾಪಡೆ ಅಂದುಕೊಂಡು ಒಳಗೆ ಬಂದೆ. ಬಂದದ್ದಾಯಿತು, ಕೂತು ಓದುತ್ತೇನೆ.


ಪಡುವಣಗಾಳಿ · ಶನಿವಾರ, ರಾತ್ರಿ 9:51

ನಾನು ಸರಕು ಹಡಗಿನ ಎಂಜಿನ್ ರೂಮಿನವನು ಮಾರಾಯ್ರೆ, ತೋಪು ನನಗೆ ತಿಳಿಯದು. ಎಂಜಿನ್ ಕತೆ ಕೇಳಿ.

ಮೊದಲು ಈ ಹಡಗಿನಲ್ಲಿ ‘ಯಾರೋ’ (Yarrow) ಅನ್ನುವ ಮಾದರಿಯ 36 ಬಾಯ್ಲರ್ ಇದ್ದವು. ಮುಖ್ಯವಾಗಿ ಕಲ್ಲಿದ್ದಲು, ಮೇಲೆ ಒಂದಷ್ಟು ಎಣ್ಣೆ ಚಿಮುಕಿಸುವುದು. ಮೂವತ್ತಾರು ಬಾಯ್ಲರ್‌ಗೆ ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುವವರ ಪಾಡು ಯೋಚನೆ ಮಾಡಿ. ನಾನು ಎಸಿ ಕಂಟ್ರೋಲ್ ರೂಮಿನಲ್ಲಿ ಕೂತೇ ಬೆವರುತ್ತೇನೆ. 1920ರ ದಶಕದ ಕೊನೆಯಲ್ಲಿ ಮೊದಲ ರಿಪೇರಿ ಶುರುವಾಗಿ ಬಾಯ್ಲರ್ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು, ಮೂರು ಚಿಮಣಿ ಇದ್ದದ್ದು ಎರಡಾಯಿತು. ಡೆಕ್ಕಿಗೆ ಉಕ್ಕು ತುಂಬಿದ್ದರಿಂದ ವೇಗ 26ರ ಆಸುಪಾಸಿಗೆ ಬಿತ್ತು. 1930ರ ದಶಕದಲ್ಲಿ ಮತ್ತೆ ಒಳಗಿನದನ್ನೆಲ್ಲ ಕಿತ್ತರು. ಪೂರ್ತಿ ಎಣ್ಣೆಯಲ್ಲಿ ಉರಿಯುವ ಹೊಸ ಬಾಯ್ಲರ್, ಹೊಸ ಟರ್ಬೈನ್. ಹಿಂತುದಿಗೆ ಸುಮಾರು 8 ಮೀಟರ್ ಉದ್ದ ಸೇರಿಸಿದರು, ನೀರು ಸಲೀಸಾಗಿ ಹಿಂದೆ ಜಾರಲಿ ಅಂತ. ವೇಗ 30.5 ನಾಟ್ ಆಯಿತು.

ಇಲ್ಲೊಂದು ತಮಾಷೆಯ ಲೆಕ್ಕ ಇದೆ. ಮೊದಲಿದ್ದ ಶಕ್ತಿ 64,000 ಕುದುರೆ. ಆಮೇಲೆ 136,000. ಎರಡು ಪಟ್ಟಿಗಿಂತ ಜಾಸ್ತಿ. ಸಿಕ್ಕಿದ್ದು ಎಷ್ಟು? ಮೂರು ನಾಟ್! ನಮ್ಮಲ್ಲಿ ಹೇಳುವ ಹಾಗೆ ವೇಗದ ಘನಕ್ಕೆ ತಕ್ಕ ಶಕ್ತಿ ಬೇಕು. ಬರೀ ಆ ಸೂತ್ರ ಹಿಡಿದರೆ 87,000 ಸಾಕಿತ್ತು. ಆದರೆ ಹಡಗು ಸಾವಿರಾರು ಟನ್ ಭಾರವಾಗಿತ್ತು, ಟಾರ್ಪಿಡೊ ತಡೆಯಲು ಪಕ್ಕದಲ್ಲಿ ಉಬ್ಬು ಬೇರೆ ಕಟ್ಟಿದ್ದರು. ಸಾಲದ್ದಕ್ಕೆ ಆ ವೇಗದಲ್ಲಿ ಹಡಗು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಅಲ್ಲಿ ಘನದ ಸೂತ್ರವೂ ಕೈ ಕೊಡುತ್ತದೆ.


ಗುಬ್ಬಿಗೂಡು · ಶನಿವಾರ, ರಾತ್ರಿ 10:30

ನಾನು ಯೊಕೊಹಾಮಾ ಹತ್ತಿರ ಇರುವುದು, ಏಳು ವರ್ಷವಾಯಿತು. ಯುದ್ಧದ ವಿಷಯ ಅಷ್ಟಾಗಿ ಗೊತ್ತಿಲ್ಲ. ಹೆಸರಿನ ಬಗ್ಗೆ ಒಂದು ಮಾತು.

ಕೊಂಗೋ ಅಂದರೆ ಬೇರೇನಲ್ಲ, ನಮ್ಮ ವಜ್ರ! ಬೌದ್ಧ ಗ್ರಂಥಗಳ ಜೊತೆ ಸಂಸ್ಕೃತದ ವಜ್ರ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಕೊಂಗೋ ಆಗಿ ಬಂತು. ಇಂದ್ರನ ಕೈಯ ಆಯುಧವೂ ಹೌದು, ಹೊಳೆಯುವ ಕಲ್ಲೂ ಹೌದು, ಎರಡೂ ಅರ್ಥ ಇಲ್ಲೂ ಉಳಿದಿವೆ. ವಜ್ರದ ಹರಳಿಗೆ ಇಲ್ಲಿ ಕೊಂಗೋಸೆಕಿ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಮೈ ಜುಮ್ ಅಂದಿತ್ತು.

ಆದರೆ ಹಡಗಿಗೆ ಹೆಸರು ಬಂದದ್ದು ಒಸಾಕಾ-ನಾರಾ ಗಡಿಯ ಕೊಂಗೋ ಬೆಟ್ಟದಿಂದ. ಹಿಯೇ ಕ್ಯೋಟೊ ಪಕ್ಕದ ಬೆಟ್ಟ. ಹರುನಾ ಗುನ್ಮಾದ್ದು, ಮೇಲೆ ಒಂದು ಚಂದದ ಕೆರೆ ಇದೆ, ಹೋಗಿದ್ದೇನೆ. ಕಿರಿಶಿಮಾ ಕ್ಯೂಷುವಿನ ಬೆಂಕಿಬೆಟ್ಟ.


ಹಳೆಹಡಗು · ಶನಿವಾರ, ರಾತ್ರಿ 10:41

ಗುಬ್ಬಿಗೂಡು ಅಕ್ಕ, ನನ್ನ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದಿರಿ. ಜಪಾನಿನಲ್ಲಿ ಬ್ಯಾಟಲ್‌ಶಿಪ್‌ಗೆ ಹಳೆಯ ಪ್ರಾಂತ್ಯಗಳ ಹೆಸರು: ಯಮಾಟೊ, ನಾಗಾಟೊ, ಮುತ್ಸು, ಇಸೆ. ಬೆಟ್ಟದ ಹೆಸರು ಕ್ರೂಸರ್‌ಗಳಿಗೆ. ಈ ನಾಲ್ಕಕ್ಕೂ ಕೊನೆತನಕ ಬೆಟ್ಟದ ಹೆಸರೇ ಉಳಿಯಿತು. ಹುಟ್ಟು ಗುಣ ಹೆಸರಲ್ಲೇ ಇದೆ.


ಲೆಕ್ಕದಪುಸ್ತಕ · ಶನಿವಾರ, ರಾತ್ರಿ 11:08

ಹೆಸರು ಇಟ್ಟಮೇಲೆ ಬದಲಾಯಿಸುವುದು ಯಾವ ನೌಕಾಪಡೆಗೂ ಇಷ್ಟವಿಲ್ಲ, ಅದು ಸಾಕ್ಷಿ ಅಲ್ಲ. ನಾಳೆ ಬೆಳಿಗ್ಗೆ ಸರಿಯಾಗಿ ಉತ್ತರ ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು. ವಿಕರ್ಸ್‌ನಿಂದ ವಿದ್ಯೆ ಕಲಿತರು ಅಂದಿರಿ. ಅದರ ಜೊತೆ ಬಂದ ಗಲಾಟೆ ಬಿಟ್ಟುಬಿಟ್ಟಿರಿ. 1914ರಲ್ಲಿ ಸೀಮೆನ್ಸ್ ಲಂಚದ ಹಗರಣ ಅಂತ ಜಪಾನಿನ ಸಂಸತ್ತಿನಲ್ಲಿ ದೊಡ್ಡ ರಂಪ ಆಯಿತು. ಎಳೆ ಎಳೆಯುತ್ತಾ ಹೋದರೆ ಅದು ಕೊಂಗೋ ಗುತ್ತಿಗೆಗೂ ಬಂದು ನಿಂತಿತು. ವಿಕರ್ಸ್ ಪರವಾಗಿ ಮಿತ್ಸುಯಿ ಬುಸ್ಸಾನ್ ಅನ್ನುವ ವ್ಯಾಪಾರಿ ಕಂಪನಿಯ ಮೂಲಕ ವೈಸ್ ಅಡ್ಮಿರಲ್ ಮಾತ್ಸುಮೊಟೊಗೆ ಹಣ ಹೋಗಿತ್ತು. ಅವನಿಗೆ ಶಿಕ್ಷೆಯೂ ಆಯಿತು. ಪ್ರಧಾನಿ ಯಮಾಮೊಟೊ ಗೊನ್ನೊಹ್ಯೋಯೆ ತಾನೇ ಅಡ್ಮಿರಲ್ ಆಗಿದ್ದವನು, ಮಾರ್ಚ್‌ನಲ್ಲಿ ಅವನ ಸರ್ಕಾರ ಬಿತ್ತು. ಹಡಗು ನೀರಿಗಿಳಿದು ಒಂದು ಗುಂಡನ್ನೂ ಯುದ್ಧದಲ್ಲಿ ಹಾರಿಸುವ ಮೊದಲೇ ಒಂದು ಸರ್ಕಾರವನ್ನು ಬೀಳಿಸಿತ್ತು.


ಬೆಂಚು_ಕೊನೇದು · ಶನಿವಾರ, ರಾತ್ರಿ 11:15

ರಕ್ಷಣಾ ಗುತ್ತಿಗೆ, ಮಧ್ಯವರ್ತಿ, ಸಂಸತ್ತಿನಲ್ಲಿ ಗಲಾಟೆ. ಎಲ್ಲೋ ಕೇಳಿದ ಹಾಗಿದೆಯಲ್ಲ ಗುರು.


ಮಾವಿನತೋಪು · ಭಾನುವಾರ, ಬೆಳಿಗ್ಗೆ 6:44

ಉಳಿದ ಮೂರು ಹಡಗಿನ ಕತೆಯನ್ನೂ ಹೇಳಿಬಿಡೋಣ. ಹಿಯೇ ಯೊಕೊಸುಕಾದ ಸರ್ಕಾರಿ ಕಟ್ಟೆಯಲ್ಲಿ ಆಯಿತು, ಸಾಮಾನಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಬ್ರಿಟನ್ನಿನದೇ. ಹರುನಾ ಕೊಬೆಯ ಕವಾಸಾಕಿಗೆ, ಕಿರಿಶಿಮಾ ನಾಗಾಸಾಕಿಯ ಮಿತ್ಸುಬಿಷಿಗೆ. ಅಷ್ಟು ದೊಡ್ಡ ಯುದ್ಧದ ಹಡಗನ್ನು ಜಪಾನಿನ ಖಾಸಗಿಯವರಿಗೆ ಕೊಟ್ಟದ್ದು ಅದೇ ಮೊದಲು. ಇಬ್ಬರಿಗೂ ಜಿದ್ದು. ಹರುನಾ ಕೆಲಸ 1912ರ ಮಾರ್ಚ್ 16ಕ್ಕೆ ಶುರು, ಕಿರಿಶಿಮಾ ಮಾರನೇ ದಿನ. ಕಿರಿಶಿಮಾ 1913ರ ಡಿಸೆಂಬರ್ 1ಕ್ಕೆ ನೀರಿಗಿಳಿಯಿತು, ಹರುನಾ 14ಕ್ಕೆ.

ಆಮೇಲೆ 1914ರ ಕೊನೆಯಲ್ಲಿ ಹರುನಾದ ಎಂಜಿನ್ ಪರೀಕ್ಷೆ ಕೆಲವೇ ದಿನ ತಡವಾಯಿತು. ಕವಾಸಾಕಿಯಲ್ಲಿ ಎಂಜಿನ್ ಕೆಲಸದ ಮುಖ್ಯಸ್ಥನಾಗಿದ್ದವನು ಆ ಹೊಣೆ ಹೊತ್ತು ಪ್ರಾಣ ಕಳೆದುಕೊಂಡ. ನೌಕಾಪಡೆ ಬೆಚ್ಚಿತು. ಕೊನೆಗೆ ಎರಡೂ ಹಡಗನ್ನು ಒಂದೇ ದಿನ, 1915ರ ಏಪ್ರಿಲ್ 19ರಂದು, ಸೇವೆಗೆ ತೆಗೆದುಕೊಂಡರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಸತ್ತವನು ಸತ್ತ.


ಪಡುವಣಗಾಳಿ · ಭಾನುವಾರ, ಬೆಳಿಗ್ಗೆ 7:30

ಛೆ. ಕೆಲವೇ ದಿನಕ್ಕೆ! ನಮ್ಮಲ್ಲಿ ಡ್ರೈ ಡಾಕಿಗೆ ಹೋದ ಹಡಗು ಹೇಳಿದ ದಿನ ಹೊರಗೆ ಬಂದದ್ದನ್ನು ನಾನು ಈವರೆಗೆ ಕಂಡಿಲ್ಲ.


ಲೆಕ್ಕದಪುಸ್ತಕ · ಭಾನುವಾರ, ಬೆಳಿಗ್ಗೆ 10:02

ಈಗ ಹಳೆಹಡಗು ಅವರ ವಾದಕ್ಕೆ. 8 ಇಂಚಿನ ಕವಚವೇ ಹಿಯೇಯನ್ನು ಕೊಂದಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪ, 1942ರ ನವೆಂಬರ್ 13ರ ನಸುಕು. ಹಿಯೇ ಮತ್ತು ಕಿರಿಶಿಮಾ ಬಂದದ್ದು ಹಡಗಿನ ಜೊತೆ ಕಾದಾಡಲು ಅಲ್ಲ, ಹೆಂಡರ್ಸನ್ ಫೀಲ್ಡ್ ಅನ್ನುವ ಅಮೆರಿಕದ ವಿಮಾನದಾಣದ ಮೇಲೆ ಬೆಂಕಿ ಸುರಿಯಲು. ತೋಪಿನ ಹತ್ತಿರ ಪೇರಿಸಿದ್ದು ನೆಲದ ಮೇಲೆ ಸಿಡಿಯುವ ಗುಂಡು, ಕವಚ ಸೀಳುವಂಥದ್ದಲ್ಲ. ಕತ್ತಲಲ್ಲಿ ಎರಡೂ ಕಡೆಯವರು ಒಬ್ಬರ ಮಧ್ಯೆ ಒಬ್ಬರು ನುಗ್ಗಿಬಿಟ್ಟರು. ಹಿಯೇ ಸರ್ಚ್‌ಲೈಟ್ ಹಾಕಿತು. ದೀಪ ಹಚ್ಚಿದವನೇ ಮೊದಲು ಕಾಣುತ್ತಾನೆ ಅಲ್ವಾ, ಎಲ್ಲರೂ ಅದರ ಮೇಲೇ ಬಿದ್ದರು. ಲ್ಯಾಫಿ ಅನ್ನುವ ಸಣ್ಣ ಡೆಸ್ಟ್ರಾಯರ್ ಎಷ್ಟು ಹತ್ತಿರ ಹಾದುಹೋಯಿತು ಅಂದರೆ ಹಿಯೇಯ ತೋಪಿನ ಮೂತಿ ಅಷ್ಟು ಕೆಳಗೆ ಬಾಗಲಿಲ್ಲ. ಅಮೆರಿಕದ ಇಬ್ಬರು ಅಡ್ಮಿರಲ್‌ಗಳು, ಕ್ಯಾಲಹನ್ ಮತ್ತು ಸ್ಕಾಟ್, ಆ ಒಂದೇ ರಾತ್ರಿ ಸತ್ತರು.

ಹಿಯೇಗೆ ಬಿದ್ದ ಕೆಟ್ಟ ಏಟು ಹಿಂಭಾಗದ್ದು. ಕ್ರೂಸರ್‌ನ 8 ಇಂಚಿನ ಗುಂಡು, ಚುಕ್ಕಾಣಿ ಕೋಣೆಗೆ ನೀರು. ಹಡಗು ಇದ್ದಲ್ಲೇ ಸುತ್ತತೊಡಗಿತು. ಬೆಳಕು ಹರಿದ ಮೇಲೆ ಯಾವ ವಿಮಾನದಾಣವನ್ನು ಸುಡಲು ಬಂದಿತ್ತೋ ಅಲ್ಲಿಂದಲೇ ವಿಮಾನಗಳು ಬಂದವು. ಸಂಜೆ ಮುಳುಗಿತು. ಆ ಯುದ್ಧದಲ್ಲಿ ಜಪಾನ್ ಕಳಕೊಂಡ ಮೊದಲ ಬ್ಯಾಟಲ್‌ಶಿಪ್.

ಈಗ ನೋಡಿ. ಚುಕ್ಕಾಣಿ ಇರುವಲ್ಲಿ 8 ಇಂಚು ಕವಚ ಇರಲೇ ಇಲ್ಲ. ತುದಿಗೆ ಹೋಗುತ್ತಾ ಅದು 3 ಇಂಚಿಗೆ ಇಳಿಯುತ್ತಿತ್ತು. ಜರ್ಮನಿಯ ಬಿಸ್ಮಾರ್ಕ್ ಅಪ್ಪಟ ಬ್ಯಾಟಲ್‌ಶಿಪ್, ಪಕ್ಕದ ಕವಚ 12 ಇಂಚಿಗೂ ಜಾಸ್ತಿ. 1941ರಲ್ಲಿ ಅದೂ ಚುಕ್ಕಾಣಿ ಕೆಟ್ಟೇ ಸಿಕ್ಕಿಬಿತ್ತು.

ಇನ್ನು ಕಿರಿಶಿಮಾ. ಎರಡು ರಾತ್ರಿ ಬಿಟ್ಟು, ನವೆಂಬರ್ 15ರ ಮೊದಲ ಗಂಟೆಗಳಲ್ಲಿ, ಅದು ಅಮೆರಿಕದ ಬ್ಯಾಟಲ್‌ಶಿಪ್ ಸೌತ್ ಡಕೋಟಾ ಮೇಲೆ ಗುಂಡು ಹಾರಿಸುತ್ತಾ ಮೈಮರೆತಿತ್ತು. ಅಮೆರಿಕದ್ದೇ ವಾಷಿಂಗ್ಟನ್ ಅನ್ನುವ ಇನ್ನೊಂದು ಹೊಸ ಬ್ಯಾಟಲ್‌ಶಿಪ್ ಕತ್ತಲಲ್ಲಿ ರೆಡಾರ್ ಹಿಡಿದು ಕಾದಿತ್ತು. 8 ಕಿ.ಮೀ.ಗೂ ಕಡಿಮೆ ದೂರದಿಂದ 16 ಇಂಚಿನ ಗುಂಡು. ಆ ದೂರದಲ್ಲಿ 8 ಇಂಚಿರಲಿ, 12 ಇಂಚಿರಲಿ, ಒಂದೇ.


ಹಳೆಹಡಗು · ಭಾನುವಾರ, ಬೆಳಿಗ್ಗೆ 11:25

ಬಿಸ್ಮಾರ್ಕ್ ಮಾತು ಸರಿಯಾಗಿ ತಾಗಿತು ಸರ್. ಕೊಂದದ್ದು ಕವಚ ಅನ್ನುವುದನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಹಾಗಾದರೆ ಪ್ರಶ್ನೆ ತಿರುಗಿಸಿ ಕೇಳುತ್ತೇನೆ. ಆ ನೀರಿಗೆ ಇವನ್ನೇ ಯಾಕೆ ಕಳಿಸಿದರು? ಫುಸೋ, ಯಮಾಶಿರೊ, ಇಸೆ, ಹ್ಯೂಗಾ, ನಾಗಾಟೊ, ಮುತ್ಸು ಎಲ್ಲ ಇದ್ದವು. ಕವಚ ಅವಕ್ಕೇ ದಪ್ಪ.


ಲೆಕ್ಕದಪುಸ್ತಕ · ಭಾನುವಾರ, ಬೆಳಿಗ್ಗೆ 11:40

ಓಟ. ಹೆಂಡರ್ಸನ್ ಫೀಲ್ಡಿನ ವಿಮಾನಗಳು ಹಗಲು ಹಾರುತ್ತವೆ. ಕತ್ತಲಾದ ಮೇಲೆ ಒಳಗೆ ನುಗ್ಗಿ, ಕೆಲಸ ಮುಗಿಸಿ, ಬೆಳಗಾಗುವಷ್ಟರಲ್ಲಿ ದೂರ ಹೋಗಿರಬೇಕು. 25 ನಾಟ್ ಓಡುವ ಹಡಗಿಗೆ ಅದು ಕಷ್ಟ, 30 ಓಡುವುದಕ್ಕೆ ಸಾಧ್ಯ.

ಒಂದು ಸಲ ಅದು ಭರ್ಜರಿಯಾಗಿ ನಡೆಯಿತು ಕೂಡ. ಅಕ್ಟೋಬರ್ 13-14ರ ರಾತ್ರಿ ಕೊಂಗೋ ಮತ್ತು ಹರುನಾ ಆ ವಿಮಾನದಾಣದ ಮೇಲೆ 973 ಗುಂಡು ಸುರಿದವು. ಒಂದೊಂದೂ 600 ಕಿಲೋಗೂ ಭಾರ. 41 ಜನ ಸತ್ತರು. ವಿಮಾನಗಳಲ್ಲಿ ಅರ್ಧಕ್ಕೂ ಹೆಚ್ಚು ಹಾಳು, ಪೆಟ್ರೋಲು ಬಹುಪಾಲು ಸುಟ್ಟುಹೋಯಿತು. ಒಮ್ಮೆ ನಡೆದದ್ದು ಇನ್ನೊಮ್ಮೆಯೂ ನಡೆಯುತ್ತದೆ ಅಂತಲೇ ನವೆಂಬರ್‌ನಲ್ಲಿ ಹಿಯೇ, ಕಿರಿಶಿಮಾ ಹೋದದ್ದು.


ಹಳೆಹಡಗು · ಭಾನುವಾರ, ಮಧ್ಯಾಹ್ನ 12:10

ನೋಡಿದಿರಾ, ಹಾಗಾದರೆ ನನ್ನ ಅರ್ಧ ಮಾತು ಉಳಿಯಿತು. ಕೊಂದದ್ದು ಉಕ್ಕು ಅಲ್ಲ, ಓಟ. ಓಡಲು ಬರುತ್ತಿತ್ತು ಅಂತಲೇ ವಿಮಾನವಾಹಕಗಳ ಜೊತೆ ಕಳಿಸಿದರು. ಪರ್ಲ್ ಹಾರ್ಬರ್‌ಗೆ ಹಿಯೇ, ಕಿರಿಶಿಮಾ. ಮಲಯಾ ಕಡೆಗೆ ಕೊಂಗೋ, ಹರುನಾ. ಮಿಡ್‌ವೇಗೆ ನಾಲ್ಕೂ. ದಪ್ಪ ಕವಚದವು ಊರಲ್ಲಿ ಕೂತು ದೊಡ್ಡ ಕಾಳಗ ಬರುತ್ತೆ ಬರುತ್ತೆ ಅಂತ ಕಾದವು. ಬ್ಯಾಟಲ್‌ಶಿಪ್ ಅಂತ ಕಾಗದ ಹೇಳಲಿ, ದುಡಿಸಿಕೊಂಡದ್ದು ಕ್ರೂಸರ್ ಹಾಗೇ.


ಲೆಕ್ಕದಪುಸ್ತಕ · ಭಾನುವಾರ, ಮಧ್ಯಾಹ್ನ 12:18

ಇದನ್ನು ಒಪ್ಪುತ್ತೇನೆ.


ಬೆಂಚು_ಕೊನೇದು · ಭಾನುವಾರ, ಮಧ್ಯಾಹ್ನ 12:19

ಈ ವೇದಿಕೆಯಲ್ಲಿ ಇಬ್ಬರು ಒಪ್ಪಿದ್ದು ಇದೇ ಮೊದಲು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ.


ಎಲೆಯಡಿಕೆ · ಭಾನುವಾರ, ಮಧ್ಯಾಹ್ನ 2:35

ಒಂದು ಕೇಳಬೇಕಿತ್ತು. ನಮ್ಮ ಅಜ್ಜ ಉಡುಪಿ ಕಡೆಯವರು, ಮದ್ರಾಸಿನ ಹೋಟೆಲಿನಲ್ಲಿ ಅಡುಗೆಗಿದ್ದರು. 1942ರ ಏಪ್ರಿಲ್‌ನಲ್ಲಿ ಜಪಾನಿನವರು ಬಂದರು ಅಂತ ಊರೇ ಖಾಲಿಯಾಯಿತಂತೆ. ಅಜ್ಜ ದೋಸೆಹಿಟ್ಟು ರುಬ್ಬಿಟ್ಟದ್ದನ್ನು ಹಾಗೇ ಬಿಟ್ಟು ರೈಲು ಹತ್ತಿದವರು, ಯುದ್ಧ ಮುಗಿಯುವ ತನಕ ವಾಪಸ್ ಹೋಗಲಿಲ್ಲ. ಆ ಹಿಟ್ಟಿನ ಮಾತು ಸಾಯುವ ತನಕ ಹೇಳುತ್ತಿದ್ದರು. ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದ್ದು ಇದೇ ಹಡಗುಗಳಾ?


ಮಾವಿನತೋಪು · ಭಾನುವಾರ, ಮಧ್ಯಾಹ್ನ 3:20

ಅಲ್ಲ, ಆದರೆ ದೂರದಲ್ಲೇನೂ ಇರಲಿಲ್ಲ. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದ್ದು ರ್ಯೂಜೊ ಅನ್ನುವ ಸಣ್ಣ ವಿಮಾನವಾಹಕದ ವಿಮಾನಗಳು. ಅದು ಅಡ್ಮಿರಲ್ ಒಜಾವಾನ ಬೇರೆ ಪಡೆ, ಬಂಗಾಳಕೊಲ್ಲಿಯಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಾ ಅಲೆಯುತ್ತಿತ್ತು.

ನಮ್ಮ ನಾಲ್ಕು ಇದ್ದದ್ದು ಅಡ್ಮಿರಲ್ ನಗುಮೊನ ದೊಡ್ಡ ಪಡೆಯಲ್ಲಿ, ಸಿಲೋನಿನ ಕಡೆ. ಐದು ವಿಮಾನವಾಹಕ, ಅವುಗಳ ಕಾವಲಿಗೆ ಕೊಂಗೋ, ಹಿಯೇ, ಹರುನಾ, ಕಿರಿಶಿಮಾ ನಾಲ್ಕೂ ಒಟ್ಟಿಗೆ. ಏಪ್ರಿಲ್ 5ಕ್ಕೆ ಕೊಲಂಬೊ ಮೇಲೆ ದಾಳಿ, ಅದೇ ದಿನ ಬ್ರಿಟನ್ನಿನ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎರಡು ಕ್ರೂಸರ್ ಮುಳುಗಿದವು. 9ಕ್ಕೆ ತ್ರಿಂಕೋಮಲಿ, ಹರ್ಮಿಸ್ ವಿಮಾನವಾಹಕ ಮುಳುಗಿತು. ಬಿಸ್ಮಾರ್ಕನ್ನು ಕೊನೆಗೆ ಟಾರ್ಪಿಡೊ ಹಾಕಿ ಮುಗಿಸಿದ್ದು ಇದೇ ಡಾರ್ಸೆಟ್‌ಶೈರ್, ವರ್ಷ ತುಂಬುವ ಮೊದಲೇ ಅದರ ಕತೆಯೂ ಆಯಿತು.

ನಿಮ್ಮ ಅಜ್ಜ ಹೆದರಿದ್ದು ಸುಮ್ನೆ ಅಲ್ಲ. ಸರ್ಕಾರವೇ ಮದ್ರಾಸ್ ಬಿಟ್ಟು ಹೊರಡಿ ಅಂದಿತ್ತು.


ಎಲೆಯಡಿಕೆ · ಭಾನುವಾರ, ಮಧ್ಯಾಹ್ನ 3:31

ಅಮ್ಮನಿಗೆ ಓದಿ ಹೇಳಿದೆ. ಥ್ಯಾಂಕ್ಸ್.


ಗುಬ್ಬಿಗೂಡು · ಭಾನುವಾರ, ಸಂಜೆ 5:05

ಹಿಯೇಗೆ ಚಕ್ರವರ್ತಿಯ ಸಂಬಂಧ ಏನೋ ಇದೆ ಅಂತ ಇಲ್ಲಿ ಕೇಳಿದ್ದೆ. ನಿಜವಾ?


ಹಳೆಹಡಗು · ಭಾನುವಾರ, ಸಂಜೆ 5:48

ನಿಜ ಅಕ್ಕ. ಯುದ್ಧದ ಹಡಗುಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದದ ಲೆಕ್ಕಕ್ಕೆ ನಾಲ್ಕರಲ್ಲಿ ಒಂದರ ಹಲ್ಲು ಕೀಳಬೇಕಾಯಿತು. ಹಿಯೇಯ ಹಿಂಬದಿಯ ಒಂದು ಟರೆಟ್ (ತೋಪು ಕೂರಿಸಿದ ಗೂಡು) ತೆಗೆದರು, ಪಕ್ಕದ ಕವಚ ಬಿಚ್ಚಿದರು, ವೇಗ 18 ನಾಟ್‌ಗೆ ಇಳಿಸಿ ತರಬೇತಿ ಹಡಗು ಅಂದರು. ಯುದ್ಧದ ಕೆಲಸ ಇಲ್ಲದ್ದರಿಂದ ರಾಜನನ್ನು ಕೂರಿಸಿಕೊಳ್ಳುವ ಕೆಲಸ ಬಂತು. ನೌಕಾಪಡೆಯ ಪ್ರದರ್ಶನಗಳಲ್ಲಿ ಹಿರೊಹಿಟೊ ಇದರಲ್ಲೇ ನಿಂತು ನೋಡುತ್ತಿದ್ದ. 1935ರಲ್ಲಿ ಜಪಾನಿನ ಕೈಗೊಂಬೆ ರಾಜ್ಯ ಮಂಚುಕುವೊದ ಚಕ್ರವರ್ತಿ ಪುಯಿ ಜಪಾನಿಗೆ ಬಂದದ್ದೂ ಹಿಯೇಯಲ್ಲೇ. ಒಪ್ಪಂದ ಮುರಿದ ಮೇಲೆ ಎಲ್ಲವನ್ನೂ ವಾಪಸ್ ಜೋಡಿಸಿದರು. ಯಮಾಟೊಗೆ ಅಂತ ಯೋಚಿಸಿದ್ದ ಗೋಪುರದ ಮಾದರಿಯನ್ನು ಮೊದಲು ಇದರ ಮೇಲೆ ಕಟ್ಟಿ ನೋಡಿದರು. ಹಾಗಾಗಿ ಕೊನೆಯ ಫೋಟೋಗಳಲ್ಲಿ ಹಿಯೇಯ ಮುಖ ಉಳಿದ ಮೂರರ ಹಾಗಿಲ್ಲ.


ಬೆಂಚು_ಕೊನೇದು · ಭಾನುವಾರ, ಸಂಜೆ 6:10

ಉಳಿದ ಎರಡು ಏನಾದವು? ಕತೆ ಅರ್ಧಕ್ಕೆ ಬಿಡಬೇಡಿ.


ಮಾವಿನತೋಪು · ಭಾನುವಾರ, ರಾತ್ರಿ 8:02

ಮೊದಲು ಹರುನಾದ ತಮಾಷೆ. 1941ರ ಡಿಸೆಂಬರ್ 10ರಂದು ಕಾಲಿನ್ ಕೆಲ್ಲಿ ಅನ್ನುವ ಅಮೆರಿಕದ ಪೈಲಟ್ ಫಿಲಿಪೀನ್ಸ್ ಹತ್ತಿರ ಬಾಂಬ್ ಹಾಕಿ ಬಂದ, ವಾಪಸಾಗುವಾಗ ವಿಮಾನಕ್ಕೆ ಗುಂಡು ಬಿದ್ದು ಸತ್ತ. ಸಹಚರರು ಪ್ಯಾರಾಶೂಟಿನಲ್ಲಿ ಹಾರುವವರೆಗೆ ವಿಮಾನ ಹಿಡಿದು ನಿಂತವನು, ಧೈರ್ಯದಲ್ಲಿ ಎರಡು ಮಾತಿಲ್ಲ. ಆದರೆ ಪತ್ರಿಕೆಗಳು ಅವನು ಹರುನಾವನ್ನು ಮುಳುಗಿಸಿದ ಅಂತ ಬರೆದವು. ಹರುನಾ ಅಂದು ಮಲಯಾ ಕಡೆ ಹಾಯಾಗಿ ತೇಲುತ್ತಿತ್ತು.

ಕೊಂಗೋ ಸಾವು ಬೇರೆ ಥರ. 1944ರ ಅಕ್ಟೋಬರ್ 25ಕ್ಕೆ ಫಿಲಿಪೀನ್ಸ್‌ನ ಸಮಾರ್ ದ್ವೀಪದ ಬಳಿ ಹೋರಾಡಿ, ಊರಿಗೆ ಮರಳುವಾಗ ನವೆಂಬರ್ 21ರ ನಸುಕಿನಲ್ಲಿ, ಫಾರ್ಮೋಸಾ (ಈಗಿನ ತೈವಾನ್) ಜಲಸಂಧಿಯಲ್ಲಿ ಅಮೆರಿಕದ ಸೀಲಯನ್ ಅನ್ನುವ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಅದರ ಕಮಾಂಡರ್ ಇಲೈ ರೀಚ್. ಇವನು ಮೊದಲು ಇದ್ದದ್ದು ಇದೇ ಹೆಸರಿನ ಹಳೆಯ ಸಬ್‌ಮರೀನಿನಲ್ಲಿ. 1941ರ ಡಿಸೆಂಬರ್ 10ರಂದು ಜಪಾನಿನ ವಿಮಾನಗಳು ಅದನ್ನು ಫಿಲಿಪೀನ್ಸ್‌ನ ಕವಿಟೆಯಲ್ಲಿ ಹಾಳುಮಾಡಿದಾಗ ನಾಲ್ವರು ಸತ್ತಿದ್ದರು. ಆ ನಾಲ್ವರ ಹೆಸರನ್ನು ಟಾರ್ಪಿಡೊಗಳ ಮೇಲೆ ಬರೆಸಿದ್ದನಂತೆ. ಹೌದು, ಕೆಲ್ಲಿ ಸತ್ತ ದಿನವೇ.

ಏಟು ಬಿದ್ದ ಕೂಡಲೇ ಕೊಂಗೋ ನಿಲ್ಲಲಿಲ್ಲ. ಓಡುತ್ತಲೇ ಇತ್ತು. ಓಡಿದಷ್ಟೂ ನೀರು ಒಳಗೆ ನುಗ್ಗಿತು. ಎರಡು ಗಂಟೆ ಕಳೆದ ಮೇಲೆ ಮಗುಚಿತು, ಒಳಗಿದ್ದ ಮದ್ದುಗುಂಡು ಸಿಡಿಯಿತು. ಸುಮಾರು 1,200 ಜನ. ಸಬ್‌ಮರೀನಿನಿಂದ ಮುಳುಗಿದ ಜಪಾನಿನ ಬ್ಯಾಟಲ್‌ಶಿಪ್ ಇದೊಂದೇ.

ಹರುನಾ ಮಾತ್ರ ಮನೆ ತಲುಪಿತು. ಆದರೆ ಓಡಲು ಎಣ್ಣೆ ಇಲ್ಲ. ಕುರೆ ಹತ್ತಿರ ಲಂಗರು ಹಾಕಿಕೊಂಡಿದ್ದಲ್ಲೇ 1945ರ ಜುಲೈ 28ರಂದು ವಿಮಾನಗಳು ಬಂದು ಹೊಡೆದವು. ನೀರು ಆಳವಿಲ್ಲದ್ದರಿಂದ ಪೂರ್ತಿ ಮುಳುಗಲೂ ಇಲ್ಲ, ತಳ ಹಿಡಿದು ಕೂತಿತು. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಯಿತು.


ಪಡುವಣಗಾಳಿ · ಭಾನುವಾರ, ರಾತ್ರಿ 8:40

ಏಟು ತಿಂದ ಮೇಲೂ ಓಡಿಸಿದರಾ... ಸೋರುವ ಹಡಗನ್ನು ಓಡಿಸಿದರೆ ಒಳಗಿನ ಗೋಡೆಗಳ ಮೇಲೆ ನೀರಿನ ಒತ್ತಡ ಏರುತ್ತದೆ. ಅದೂ 31 ವರ್ಷದ ಹಡಗು. ಆದರೆ ಕತ್ತಲಲ್ಲಿ ಹಿಂದೆ ಸಬ್‌ಮರೀನ್ ಇರುವಾಗ ನಿಲ್ಲಿಸು ಅಂತ ಹೇಳುವುದೂ ಸುಲಭ ಅಲ್ಲ. ಆ ಎಂಜಿನ್ ರೂಮಿನವರು ಯಾರೂ ಮೇಲೆ ಬಂದಿರಲಿಕ್ಕಿಲ್ಲ.


ಗುಬ್ಬಿಗೂಡು · ಭಾನುವಾರ, ರಾತ್ರಿ 9:15

ಪಡುವಣಗಾಳಿ ಅವರೇ, ನಿಮ್ಮ 36 ಬಾಯ್ಲರ್‌ಗಳಲ್ಲಿ ಒಂದು ಇನ್ನೂ ಇದೆ! ಕುರೆಯ ಯಮಾಟೊ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ರಿಪೇರಿ ಹೊತ್ತಿಗೆ ಕಿತ್ತದ್ದು, ಹಾಗಾಗಿ ಹಡಗಿನ ಜೊತೆ ಮುಳುಗಲಿಲ್ಲ. ಮೂರು ವರ್ಷದ ಹಿಂದೆ ಹೋದಾಗ ಏನೋ ತುಕ್ಕು ಹಿಡಿದ ಕೊಳವೆಗಳ ರಾಶಿ ಅಂದುಕೊಂಡಿದ್ದೆ. ಬೋರ್ಡಿನಲ್ಲಿ ಕೊಂಗೋ ಅಂತ ಓದಿದ ಮೇಲೆ ನಿಂತೆ.


ಪಡುವಣಗಾಳಿ · ಭಾನುವಾರ, ರಾತ್ರಿ 9:17

ಹೌದಾ ಮಾರಾಯ್ರೆ! ಫೋಟೋ ಇದೆಯಾ? ಕೊಳವೆಗಳು ನೆಟ್ಟಗಿವೆಯಾ, ಬಾಗಿವೆಯಾ? ಕೆಳಗಿನ ಡ್ರಮ್ ಕಾಣುತ್ತದಾ?


ಗುಬ್ಬಿಗೂಡು · ಭಾನುವಾರ, ರಾತ್ರಿ 9:32

ಹುಡುಕಿದೆ. ಮಗನನ್ನು ಮುಂದೆ ನಿಲ್ಲಿಸಿ ತೆಗೆದದ್ದು ಒಂದೇ ಇದೆ. ಅವನ ಐಸ್‌ಕ್ರೀಮ್ ಚೆನ್ನಾಗಿ ಬಂದಿದೆ, ಡ್ರಮ್ ಇರಬೇಕಾದ ಜಾಗದಲ್ಲಿ ಅವನ ತಲೆ ಇದೆ. ಮುಂದಿನ ಸಲ ಹೋದಾಗ ನಿಮಗಾಗಿ ಕೊಳವೆ ಎಣಿಸಿಕೊಂಡೇ ಬರುತ್ತೇನೆ.